ಹೊಸ್ತಿಲ ಮೇಲಿನ ಬೇಲಭಂಡಾರ

“ಅನುಭವಿ ಅಧ್ಯಾಪಕರು ಈ ಕಾಲೇಜಿನ್ಯಾಗ ಯಾಕ ಉಳದಾರ?”

ಬಸಲಿಂಗಯ್ಯ ಮಾಸ್ತರು ಕಾಗದದಿಂದ ಕಣ್ಣೆತ್ತಿ ಕಿಟಕಿಯ ಕಡೆ ನೋಡುತ್ತ ಕೇಳಿದರು. ಯಾರನ್ನೂ ಕೇಳಲಿಲ್ಲ. ಕಿಟಕಿಯಾಚೆ ಬಿಸಿಲಿತ್ತು, ಅಷ್ಟೇ.

ಕಾಗದ ಧಾರವಾಡದ ವಿಶ್ವವಿದ್ಯಾಲಯದಿಂದ ಬಂದಿತ್ತು. ನಮ್ಮ ಕಾಲೇಜಿನ ಬಿ.ಎ. ವರ್ಗಕ್ಕೆ ಕಾಯಂ ಮಾನ್ಯತೆ ಕೊಡಬೇಕೋ ಬೇಡವೋ ಎಂದು ನೋಡಲು ಮರುದಿನ ಕಮಿಟಿ ಬರುವುದಿತ್ತು. ಕಮಿಟಿ ಕೇಳುವ ಪ್ರಶ್ನೆಗಳ ಪಟ್ಟಿ ಮೊದಲೇ ಬಂದಿತ್ತು. ಅದರಲ್ಲಿ ಇದೂ ಒಂದು.

ಕೋಣೆಯಲ್ಲಿ ನಾಲ್ವರಿದ್ದೆವು. ಮೂವರು ಕುರ್ಚಿಯ ಮೇಲೆ. ಬಾಗಿಲ ಬಳಿಯ ಬೆಂಚಿನ ಮೇಲೆ ನಾನು. ಎಂಟು ವರ್ಷದಿಂದ ಅದೇ ಬೆಂಚು. ಕುರ್ಚಿ ಸಾಲದೆ ಅಲ್ಲ. ನಾಲ್ಕನೆಯ ಕುರ್ಚಿ ಗೋಡೆಗೆ ಆತು ಖಾಲಿ ನಿಂತಿತ್ತು. ಅದರ ಮೇಲೆ ಹಾಜರಿ ಪುಸ್ತಕ ಇಡುತ್ತಿದ್ದರು.

ಬಸಲಿಂಗಯ್ಯ ಮಾಸ್ತರ ಪ್ರಶ್ನೆಯ ಉತ್ತರ ನಾಲ್ವರಿಗೂ ಗೊತ್ತಿತ್ತು.

ಸರಕಾರಿ ಕಾಲೇಜಿನಲ್ಲಿ ಪಗಾರ ಹೆಚ್ಚು. ಅಲ್ಲಿ ಪೆನ್ಶನ್ ಉಂಟು. ನಮ್ಮಲ್ಲಿ ಅದಾವುದೂ ಇಲ್ಲ. ಆದರೂ ಬಂದವರು ಹೋಗುತ್ತಿರಲಿಲ್ಲ. ನೋಡಿದವರು, ಈ ಸಂಸ್ಥೆಯ ಮೇಲೆ ಮಾಸ್ತರರಿಗೆ ಎಂಥ ಪ್ರೀತಿ ಎನ್ನುತ್ತಿದ್ದರು. ಅದು ಪ್ರೀತಿಯಲ್ಲ. ಬೇಲಭಂಡಾರ.

ನಮ್ಮ ಚೇರಮನ್ ಸಂಗಣ್ಣ ಗೌಡರು ಕಾಗದ ನಂಬುವವರಲ್ಲ. “ಕಾಗದ ಹರೀತೈತಿ, ನುಡಿ ಹರಿಯೂದಿಲ್ಲ” ಎನ್ನುತ್ತಿದ್ದರು. ಹೊಸ ಮಾಸ್ತರನನ್ನು ಸಿದ್ಧೇಶ್ವರ ಗುಡಿಯ ಹಿಂದಿನ ತಮ್ಮ ವಾಡೆಗೆ ಕರೆಸುತ್ತಿದ್ದರು. ಪಡಸಾಲೆಯಲ್ಲಿ ಕೂರಿಸುತ್ತಿದ್ದರು. ಹಾಲು ಕುಡಿಸುತ್ತಿದ್ದರು. ಆಮೇಲೆ ಬಿಲ್ವದ ಎಲೆಯ ಮೇಲೆ ಅರಿಶಿನದ ಭಂಡಾರ ಹಾಕಿ ಅವನ ಅಂಗೈಗೆ ಕೊಡುತ್ತಿದ್ದರು. ಬೇಲಭಂಡಾರ ಹಿಡಿದು ಅವನು ಆಣೆ ಮಾಡಬೇಕು. ಚೇರಮನ್ನರು ಬಾಯಿಬಿಟ್ಟು ಹೋಗು ಎನ್ನುವ ತನಕ ಸಂಸ್ಥೆ ಬಿಡುವುದಿಲ್ಲ. ಸಂಸ್ಥೆ ಹೇಳಿದ ಕೆಲಸಕ್ಕೆ ಇಲ್ಲ ಎನ್ನುವುದಿಲ್ಲ. ತಪ್ಪಿದರೆ ವಂಶ ನಿಲ್ಲುವುದಿಲ್ಲ.

ಚೇರಮನ್ನರು ಯಾರಿಗೂ ಹೋಗು ಎಂದವರಲ್ಲ.

ನನ್ನನ್ನೂ ಕರೆಸಿದರು. ೧೯೫೮ರ ಜೂನ್ ತಿಂಗಳು. ಜಿಲ್ಲೆಯಲ್ಲಿ ಕನ್ನಡ ಎಂ.ಎ. ಮಾಡಿದವರು ಬೆರಳೆಣಿಕೆ. ಕಾಲೇಜು ಶುರುವಾಗಲು ಒಬ್ಬ ಎಂ.ಎ. ಬೇಕೇ ಬೇಕು. ಬೇರೆ ಯಾರೂ ಸಿಗಲಿಲ್ಲ, ನಾನು ಸಿಕ್ಕೆ. ಮರೆಪ್ಪ, ಕಾಖಂಡಕಿಯ ಹೊಲೆಯರ ಕೇರಿಯವನು.

ವಾಡೆಯ ಅಂಗಳದಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದೆ. ಹಾಲು ಬರಲಿಲ್ಲ. ಗೌಡರು ತಾಟು ಹಿಡಿದು ಹೊರಗೆ ಬಂದರು. ಬಗ್ಗಿ ಬೇಲಭಂಡಾರವನ್ನು ಹೊಸ್ತಿಲ ಮೇಲೆ ಇಟ್ಟರು. ನಾನು ಕೈ ಚಾಚಿದೆ.

“ಏ ಏ! ಮುಟ್ಟಬ್ಯಾಡ. ದೇವರ ಭಂಡಾರ ಐತಿ ಅದು. ಅಲ್ಲೇ ನಿಂತು ಕೈ ಮುಗಿ. ನುಡಿ ಹೇಳು ಸಾಕು.”

ಕೈ ಮುಗಿದೆ. ನುಡಿ ಹೇಳಿದೆ. ಅವರು ಹೊಸ್ತಿಲ ಮೇಲೆ ನೀರು ಚಿಮುಕಿಸಿ ಒಳಗೆ ಹೋದರು.

ಆ ನುಡಿಯನ್ನು ನಾನು ಎಂಟು ವರ್ಷ ಹೊತ್ತೆ. ಓದಿದವನು ಹೀಗೇಕೆ ಹೊತ್ತ ಎಂದು ಕೇಳುವವರು ಕೇಳಬಹುದು. ಹೇಳುತ್ತೇನೆ.

ನಾನು ಅಕ್ಷರದಿಂದ ಕಲಿತವನಲ್ಲ, ಕಿವಿಯಿಂದ ಕಲಿತವನು. ಕಾಖಂಡಕಿಯಲ್ಲಿ ಶ್ರಾವಣದಲ್ಲಿ ಮಠದೊಳಗೆ ಪುರಾಣ ಓದುತ್ತಿದ್ದರು. ಒಬ್ಬರು ಪದ್ಯ ಹಾಡುವರು, ಇನ್ನೊಬ್ಬರು ಅರ್ಥ ಹೇಳುವರು. ನಮಗೆ ಒಳಗೆ ಪ್ರವೇಶವಿಲ್ಲ. ಅವ್ವ ಪರಸವ್ವ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಮಠದ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದಳು. ಗೋಡೆ ದಪ್ಪ. ಪದ್ಯ ದಾಟಿ ಬರುತ್ತಿತ್ತು, ಅರ್ಥ ದಾಟುತ್ತಿರಲಿಲ್ಲ. ಅರ್ಥ ಹೇಳುವವರ ದನಿ ಸಣ್ಣದು. ಹೀಗಾಗಿ ಪದ್ಯ ಮೊದಲು ಮೈಗೆ ಇಳಿಯಿತು. ಅರ್ಥವನ್ನು ನಾವೇ ಮಾಡಿಕೊಳ್ಳಬೇಕಿತ್ತು. ಅವ್ವ ಮಾಡಿಕೊಂಡ ಅರ್ಥ ಒಂದೇ.

“ನುಡಿ ತಪ್ಪಿದಾಂವ ಕೆಟ್ಟ ಅಂತ ಹೇಳಾಕತ್ತಾರ ಯಪ್ಪಾ. ನಮ್ಮಂಥವರ ಕಡೆ ಹೊಲ ಇಲ್ಲ, ಮನಿ ಇಲ್ಲ. ನುಡಿ ಒಂದ ಐತಿ. ಅದನ್ನ ಕಳಕೋಬ್ಯಾಡ.”

ಅವ್ವ ಸತ್ತಳು. ಆ ಮಾತು ಸಾಯಲಿಲ್ಲ. ಎಂ.ಎ. ಓದಿದರೂ ಸಾಯಲಿಲ್ಲ.

೧೯೬೧ರಲ್ಲಿ ಸರಕಾರಿ ಕಾಲೇಜಿನಿಂದ ಮೊದಲ ಆರ್ಡರ್ ಬಂತು. ಚೇರಮನ್ನರ ಮುಂದೆ ಹಿಡಿದು ನಿಂತೆ. ಅವರು ಓದಲಿಲ್ಲ. ಅಡಕೆ ಕತ್ತರಿಸುತ್ತಲೇ ಕೇಳಿದರು, “ಭಂಡಾರ ನೆನಪೈತೇನು?” ಮನೆಗೆ ಬಂದು ಆರ್ಡರನ್ನು ಒಲೆಗೆ ಹಾಕಿದೆ. ೧೯೬೩ರಲ್ಲಿ ಇನ್ನೊಂದು ಬಂತು. ಆಗ ನಾನು ಕೇಳಲೂ ಹೋಗಲಿಲ್ಲ.

ಈಗ ೧೯೬೬. ಮೂರನೆಯದು ಬಂದಿತ್ತು. ಕಲಬುರ್ಗಿಯ ಸರಕಾರಿ ಕಾಲೇಜು. ಜುಲೈ ಒಂದಕ್ಕೆ ಹಾಜರಾಗಬೇಕು. ನನಗೆ ಮೂವತ್ತೈದು ತುಂಬುವುದರಲ್ಲಿತ್ತು. ವಯಸ್ಸು ದಾಟಿದವನನ್ನು ಸರಕಾರ ತೆಗೆದುಕೊಳ್ಳುವುದಿಲ್ಲ. ಇದು ಕಡೆಯ ಆರ್ಡರು.

ಕಮಿಟಿ ಬರುವ ದಿನ ಬೆಳಿಗ್ಗೆ ಅದನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡೆ. ಟಿಕೋಟಾ ರಸ್ತೆಯ ಕೇರಿಯಲ್ಲಿ ನಮ್ಮ ಮನೆ. ನನ್ನ ಹೆಂಡತಿ ರೇಣವ್ವ ಜಲ್ಲಿ ಒಡೆಯಲು ಹೊರಟಿದ್ದಳು. ತಲೆಗೆ ಸಿಂಬಿ, ಕೈಯಲ್ಲಿ ಸುತ್ತಿಗೆ. ಪಗಾರ ಸಾಲದೆ ಕಾಲೇಜಿನ ಮಾಸ್ತರನ ಹೆಂಡತಿ ರಸ್ತೆಯ ಮೇಲೆ ಕೂತು ಕಲ್ಲು ಒಡೆಯುತ್ತಿದ್ದಳು. ಎಡಗೈಯ ಎರಡು ಉಗುರು ಹೋಗಿದ್ದವು.

ಅವಳ ಅಣ್ಣ ಶಾಂತಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಟಿಕೋಟಾದಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಅವನದು. ಹತ್ತು ವರ್ಷದ ಹಿಂದೆ ನಾಗಪುರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬೌದ್ಧನಾಗಿ ಬಂದಿದ್ದ. ಬಂದವನೇ ಕೇರಿಯವರನ್ನು ಕೂಡಿಸಿ ಸತ್ತ ದನ ಎಳೆಯುವುದನ್ನು ಬಿಡಿಸಿದ್ದ. ಅಂದಿನಿಂದ ನಮ್ಮ ಕೇರಿಯಲ್ಲಿ ಯಾರೂ ಹೆಣಕ್ಕೆ ಹಗ್ಗ ಹಾಕಿರಲಿಲ್ಲ.

“ಮಾಸ್ತರ, ಈ ಆರ್ಡರೂ ಒಲಿಗೇ ಏನು?” ಎಂದ.

“ನುಡಿ ಕೊಟ್ಟೇನಿ ಶಾಂತಪ್ಪ.”

“ಯಾರಿಗಿ? ಎಲಿಗೋ, ಗೌಡಗೋ?”

“ದೇವರಿಗಿ.”

“ನಿನ್ನ ದೇವರು ಚಲೋ ಅದಾನ. ಗೌಡನ ಮನ್ಯಾಗ ಪಗಾರಕ್ಕ ಅದಾನ.”

ರೇಣವ್ವ ನಗಲಿಲ್ಲ. ಸಿಂಬಿ ಸರಿಮಾಡಿಕೊಂಡಳು. “ನೀ ಇವತ್ತ ಹೋಗ್ತೇನಿ ಅಂತ ಹೇಳ್ತಿ. ಹೇಳಲಿಲ್ಲಂದ್ರ ಮನಿಗಿ ಬರಬ್ಯಾಡ. ಆ ಬೆಂಚಿನ ಮ್ಯಾಲೇ ಮಕ್ಕೊ.”

ಹಿಂತಿರುಗಿ ನೋಡದೆ ಹೋದಳು.

ಕಾಲೇಜು ಮುಟ್ಟಿದಾಗ ಗೇಟಿನ ಮುಂದೆ ಗುಂಪು ಕೂಡಿತ್ತು. ಗೇಟಿಗೆ ಅಡ್ಡವಾಗಿ ಒಂದು ಎಮ್ಮೆಯ ಕರು ಸತ್ತು ಬಿದ್ದಿತ್ತು. ಸತ್ತು ಒಂದು ದಿನವಾಗಿರಬೇಕು. ಹೊಟ್ಟೆ ಉಬ್ಬಿತ್ತು. ಕಾಲು ಸೆಟೆದಿದ್ದವು. ಕಣ್ಣಲ್ಲಿ ಇರುವೆ. ಯಾರೋ ರಾತ್ರಿ ತಂದು ಎಸೆದಿದ್ದರು.

ಚೇರಮನ್ನರು ಮೂಗಿಗೆ ರುಮಾಲು ಹಿಡಿದು ನಿಂತಿದ್ದರು. ನನ್ನನ್ನು ಕಂಡು ಮುಖ ಅರಳಿತು.

“ಬಾ ಮರೆಪ್ಪ, ಬಾ. ದೇವರಂಗ ಬಂದಿ. ನಿಮ್ಮ ಕೇರಿಯವರನ್ನ ಕರಸು. ಇನ್ನೊಂದು ತಾಸಿನ್ಯಾಗ ಕಮಿಟಿ ಬರತೈತಿ.”

“ಕೇರಿಯವರು ಬರಂಗಿಲ್ರಿ. ಬಿಟ್ಟು ಹತ್ತು ವರ್ಷ ಆತು.”

“ಬಿಟ್ಟಾರು! ತಿನ್ನೂದೂ ಬಿಟ್ಟಾರೇನು?” ಸುತ್ತಲಿನವರು ನಕ್ಕರು. ಚೇರಮನ್ನರು ನಗು ಮುಗಿಯುವ ತನಕ ಕಾದರು. ಆಮೇಲೆ ಮೆಲ್ಲಗೆ ಅಂದರು, “ಹಂಗಾರ ನೀನ ಎಳಿ.”

ನನ್ನ ಕಿವಿ ತಪ್ಪು ಕೇಳಿತು ಅಂದುಕೊಂಡೆ. ನನ್ನ ಕಿವಿ ತಪ್ಪು ಕೇಳುವುದಿಲ್ಲ.

“ನನಗ ಎಂಟಕ್ಕ ಕ್ಲಾಸ್ ಐತ್ರಿ.”

“ಕ್ಲಾಸು ಆಮ್ಯಾಲ. ಸಂಸ್ಥಾ ಹೇಳಿದ ಕೆಲಸಕ್ಕ ಇಲ್ಲನ್ನಂಗಿಲ್ಲ ಅಂತ ಭಂಡಾರದ ಮುಂದ ನುಡದೀಯೋ ಇಲ್ಲೋ? ಲೇ ಭಾಗಪ್ಪ, ಹಗ್ಗ ಕೊಡು ಮಾಸ್ತರಗ.”

ಕಾಲೇಜಿನ ಸಿಪಾಯಿ ಭಾಗಪ್ಪ ಹಗ್ಗ ತಂದ. ಕೈಗೆ ಕೊಡಲಿಲ್ಲ. ಎಸೆದ. ಹಗ್ಗ ನನ್ನ ಬೂಟಿನ ಮೇಲೆ ಬಿತ್ತು.

ಕೋಟು ಬಿಚ್ಚಿ ಗೇಟಿಗೆ ತೂಗುಹಾಕಿದೆ. ಒಳಜೇಬಿನಲ್ಲಿ ಆರ್ಡರ್ ಇತ್ತು. ಬಗ್ಗಿದೆ. ಹಿಂಗಾಲು ಎರಡನ್ನೂ ಜೋಡಿಸಿ ಕಟ್ಟಿದೆ. ಕಟ್ಟುವುದು ಕೈಗೆ ಗೊತ್ತಿತ್ತು. ಅಪ್ಪ ಕಟ್ಟುವುದನ್ನು ನೋಡಿ ಬೆಳೆದ ಕೈ. ಅದು ಮರೆತಿರಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಎಳೆದೆ. ಕದಲಲಿಲ್ಲ. ಹಗ್ಗವನ್ನು ಹೆಗಲ ಮೇಲೆ ಹಾಕಿ ಮುಂದೆ ವಾಲಿ ಎಳೆದೆ. ಕದಲಿತು. ಹೊಟ್ಟೆಯೊಳಗಿನ ಗಾಳಿ ಹೊರಬಂತು. ಹುಡುಗರು ಹೋ ಎಂದರು.

ಕಾಲೇಜಿನ ಹಿಂದೆ ಕಲ್ಲಿನ ಖಣಿ ಇದೆ. ಅಲ್ಲಿಗೆ ಎರಡು ಫರ್ಲಾಂಗು. ಕಾಲೇಜಿನ ಕಟ್ಟಡಕ್ಕೆ ಕಲ್ಲು ತೆಗೆದದ್ದು ಅದೇ ಖಣಿಯಿಂದ. ೧೯೬೦ರಲ್ಲಿ ಭಾನುವಾರಕ್ಕೊಮ್ಮೆ ಶ್ರಮದಾನ. ಮಾಸ್ತರರೆಲ್ಲ ಒಂದೊಂದು ಕಲ್ಲು ಎತ್ತಿ ಫೋಟೋ ತೆಗೆಸಿಕೊಂಡು ನೆರಳಿಗೆ ಹೋಗುತ್ತಿದ್ದರು. ನನಗೆ ಮಾತ್ರ ಸಂಜೆತನಕ. “ನಿಮ್ಮವರಿಗೆ ರೂಢಿ ಐತಿ” ಎನ್ನುತ್ತಿದ್ದರು ಚೇರಮನ್ನರು. ಫೋಟೋದಲ್ಲಿ ನಾನಿಲ್ಲ. ಗೋಡೆಯಲ್ಲಿದ್ದೇನೆ.

ಅರ್ಧ ದಾರಿಯಲ್ಲಿ ಹಗ್ಗ ಅಂಗೈಯ ತೊಗಲು ಕಿತ್ತಿತು. ನಿಂತೆ. ವರಾಂಡದ ಮೇಲೆ ನನ್ನ ಬಿ.ಎ. ವರ್ಗದ ಹುಡುಗರು ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬ ದನಿ ಎತ್ತಿ ಹಾಡಿದ. ಹಿಂದಿನ ದಿನ ನಾನೇ ಕಲಿಸಿದ ಪದ್ಯ. ಸತ್ಯಕ್ಕಾಗಿ ಸುಡುಗಾಡು ಕಾಯ್ದ ಅರಸನದು. ರಾಗ ನನ್ನದೇ. ಎಲ್ಲಿ ಎಳೆಯಬೇಕೋ ಅಲ್ಲೇ ಎಳೆದ. ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಲ್ಲಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳ್ಳೆಯ ಶಿಷ್ಯ. ಒಂದು ಮಾತ್ರೆ ತಪ್ಪಿಸಲಿಲ್ಲ.

ಮತ್ತೆ ಎಳೆದೆ.

ಖಣಿಗೆ ಉರುಳಿಸಿದಾಗ ಮುಂಗಾಲು ಕಲ್ಲಿಗೆ ಬಡಿದು ಲಟಕ್ಕೆಂದಿತು. ಅಲ್ಲೇ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡಿಕೊಂಡೆ.

ಹಿಂತಿರುಗಿ ಬಂದು ಕಾಲೇಜಿನ ಬಾವಿಯ ಹತ್ತಿರ ನಿಂತೆ. ಆ ಬಾವಿಯನ್ನೂ ತೋಡಿದವನು ನಾನು, ನಮ್ಮ ಕೇರಿಯ ಆರು ಜನರೊಂದಿಗೆ. ನೀರು ಬಿದ್ದ ದಿನ ನಮ್ಮನ್ನು ಮೇಲೆ ಕರೆದು ಬಾವಿ ಶುದ್ಧಿಯ ಪೂಜೆ ಮಾಡಿಸಿದರು. ಅಂದಿನಿಂದ ನಾನು ಅದರ ಹಗ್ಗ ಮುಟ್ಟಿಲ್ಲ. ಏಳನೆಯ ಇಯತ್ತೆ ಪಾಸಾದ ಭಾಗಪ್ಪ ನೀರು ಸೇದಿದ. ನಾನು ಬಗ್ಗಿ ಬೊಗಸೆ ಒಡ್ಡಿದೆ. ಅವನು ಮೇಲಿಂದ ಹೊಯ್ದ. ಕೊಡ ಕೈಗೆ ತಾಗದಂತೆ ಬಹಳ ಮೇಲಿಂದ.

“ಚಂದಾಗಿ ತಿಕ್ಕೋರಿ ಮಾಸ್ತರ. ನಾತ ಹೋಗವಲ್ದು.”

ತಿಕ್ಕಿದೆ. ಅಂಗೈಯ ಗಾಯಕ್ಕೆ ನೀರು ಚುರುಗುಟ್ಟಿತು. ನೀರು ಕೆಂಪಾಗಿ ಕಾಲ ಬಳಿ ಹರಿಯಿತು.

ಅವ್ವನ ಗೋಡೆ ನೆನಪಾಯಿತು. ಅಲ್ಲಿ ಕೇಳಿದ ಪದ್ಯಗಳಲ್ಲಿ ನುಡಿ ಕೊಟ್ಟವನ ಎದುರಿಗೆ ನುಡಿ ಪಡೆದವನೂ ಇರುತ್ತಿದ್ದ. ಋಷಿಯೋ, ಹಸಿದ ಮೃಗವೋ, ಮಾರುವೇಷದ ದೇವರೋ. ಅವನು ಕೈ ಹಿಡಿಯುತ್ತಿದ್ದ. ಅವನೂ ಕಟ್ಟುಬೀಳುತ್ತಿದ್ದ. ನನ್ನ ಎದುರು ಯಾರಿದ್ದರು? ಒಂದು ಹೊಸ್ತಿಲು. ನಾನು ಹೋದ ಮೇಲೆ ತೊಳೆದ ಹೊಸ್ತಿಲು. ಎಂಟು ವರ್ಷ ನಾನು ಗೋಡೆಯಾಚೆಯಿಂದ ಪದ್ಯವನ್ನಷ್ಟೇ ಕೇಳಿದ್ದೆ. ಅರ್ಥ ದಾಟಿ ಬಂದಿರಲಿಲ್ಲ.

ಕೋಟು ಹಾಕಿಕೊಂಡು ಬಾಗಿಲ ಬಳಿಯ ಬೆಂಚಿಗೆ ಹೋದೆ. ಬಸಲಿಂಗಯ್ಯ ಮಾಸ್ತರು ಒಬ್ಬರೇ ಇದ್ದರು. ಇತಿಹಾಸ ಕಲಿಸುವವರು. ವಯಸ್ಸು ನಲವತ್ತು ದಾಟಿತ್ತು. ಅವರು ನನ್ನ ಕೈ ನೋಡಿದರು. ಮುಖ ನೋಡಲಿಲ್ಲ.

“ಹೋಗಿಬಿಡು ಮರೆಪ್ಪ,” ಅಂದರು. “ನಿನ್ನ ಹಂತ್ಯಾಕ ಆರ್ಡರ್ ಐತಿ ಅಂತ ನನಗ ಗೊತ್ತೈತಿ.”

“ನೀವ್ಯಾಕ ಹೋಗಲಿಲ್ರಿ?”

“ನಾ ಭಂಡಾರ ಕೈಯಾಗ ಹಿಡದೇನೋ ತಮ್ಮಾ. ಅಂಗೈ ಬೆವತು ಅರಿಷಿಣ ಹತ್ತಿತ್ತು.” ಬಲಗೈಯನ್ನು ತೆರೆದು ನೋಡಿಕೊಂಡರು. ಅಲ್ಲಿ ಏನೂ ಇರಲಿಲ್ಲ. “ಧಾರವಾಡದಿಂದ ಆರ್ಡರ್ ಬಂದಾಗ ನನ್ನಾಕಿ ಬಸುರಿ. ವಂಶ ನಿಲ್ಲೂದಿಲ್ಲ ಅಂತ ನುಡದಿದ್ದೆನಲ್ಲ, ಅಂಜಿದೆ. ಹೋಗಲಿಲ್ಲ. ಆದರೂ ಕೂಸು ಉಳೀಲಿಲ್ಲ. ಆಮ್ಯಾಲ ಎಲ್ಲಿಗಂತ ಹೋಗಲಿ?”

ಹೊರಗೆ ಮೋಟರಿನ ಸದ್ದು ಕೇಳಿತು. ಅವರು ಟೊಪ್ಪಿಗೆ ಹಾಕಿಕೊಂಡರು.

ಕಮಿಟಿಯಲ್ಲಿ ಮೂವರು. ಹಿರಿಯರೊಬ್ಬರು, ದಪ್ಪ ಚಸ್ಮಾ. ಹಾಲ್‌ನಲ್ಲಿ ಅವರಿಗೆ ಮಾಲೆ ಹಾಕಿದರು. ಹುಡುಗರು ಸಾಲಾಗಿ ಕೂತರು, ನಾವು ಮಾಸ್ತರರು ಗೋಡೆಗುಂಟ ನಿಂತೆವು. ನನ್ನ ಪಕ್ಕದವರು ಎರಡು ಹೆಜ್ಜೆ ಸರಿದು ನಿಂತರು. ನಾತ ನನಗೂ ಬರುತ್ತಿತ್ತು.

ಹಿರಿಯರು ಪಟ್ಟಿ ನೋಡಿ ಕೇಳಿದರು, “ಕನ್ನಡ ವಿಭಾಗಕ್ಕೆ ಎಂ.ಎ. ಆದವರು, ಅನುಭವ ಇದ್ದವರು ಒಬ್ಬರೇ ಇದ್ದಾರೆ. ಅವರು ಹೋದರೆ ವಿಭಾಗವೇ ಇಲ್ಲ. ಈ ಮರೆಪ್ಪನವರು ಇನ್ನೂ ಐದು ವರ್ಷ ಇರುತ್ತಾರೆ ಅನ್ನೋದಕ್ಕೆ ಖಾತ್ರಿ ಏನು? ಕರಾರುಪತ್ರ ಇದೆಯೇ?”

ಚೇರಮನ್ನರು ಎದ್ದು ನಿಂತರು. ಕೈ ಜೋಡಿಸಿದರು.

“ಸಾಹೇಬರ, ನಮ್ಮ ಸಂಸ್ಥಾದಾಗ ಕರಾರಪತ್ರ ಇಲ್ರಿ. ಪ್ರೇಮ ಐತ್ರಿ. ಇಲ್ಲಿ ಬಂದ ಮಾಸ್ತರು ಸಾಯೂತನಕ ಹೋಗಂಗಿಲ್ಲ. ಬೇಕಾದ್ರ ಕೇಳ್ರಿ ಇವರನ್ನ. ಹೊಲೇರ ಕುಲದಾಗ ಹುಟ್ಟಿ ಬಂದವರ್ರಿ, ನಾವು ಮಗನಂಗ ಇಟಗೊಂಡೀವಿ. ಕುರ್ಚಿ ಕೊಟ್ಟೀವಿ. ಏನ್ರಿ ಮಾಸ್ತರ?”

ಹಿರಿಯರು ಚಸ್ಮಾದ ಮೇಲಿಂದ ನನ್ನನ್ನು ನೋಡಿದರು.

“ನೀವೇ ಹೇಳಿ. ನಿಮ್ಮಂಥ ಅನುಭವಿಗಳು ಇಲ್ಲೇ ಯಾಕೆ ಉಳಿದಿದ್ದೀರಿ?”

ಬಸಲಿಂಗಯ್ಯ ಮಾಸ್ತರು ನೆಲ ನೋಡುತ್ತಿದ್ದರು. ಸಾವಿರ ಪದ್ಯ ಬಾಯಲ್ಲಿ ಇದ್ದವನಿಗೆ ಒಂದು ಮಾತು ಬರಲಿಲ್ಲ.

“ನಾಚಿಕಿ ಸ್ವಭಾವ ಅವರದು,” ಚೇರಮನ್ನರು ನಕ್ಕರು. “ಮಾತ್ಯಾಕ ಬೇಕ್ರಿ? ನಿಮ್ಮ ಕಣ್ಣಮುಂದ ನುಡಿ ಕೊಡ್ತಾರ. ನಮ್ಮಲ್ಲಿ ಬೇಲಭಂಡಾರ ಹಿಡದರ ಸರಕಾರಿ ಕಾಗದದ ಸಿಕ್ಕಾಕಿಂತ ಗಟ್ಟಿ. ಲೇ ಭಾಗಪ್ಪ, ತಾಟು ತಾ.”

ಹಿತ್ತಾಳೆಯ ತಾಟು ಬಂತು. ಅದು ಮೊದಲೇ ಸಿದ್ಧವಾಗಿತ್ತು. ಚೇರಮನ್ನರು ಬಿಲ್ವದ ಎಲೆ ಎತ್ತಿಕೊಂಡರು. ಅದರ ಮೇಲೆ ಭಂಡಾರ ಹಾಕಿದರು. ಹಾಲ್ ದಾಟಿ ನನ್ನ ಹತ್ತಿರ ಬಂದರು. ಎಂಟು ವರ್ಷದಲ್ಲಿ ಅವರು ಅಷ್ಟು ಹತ್ತಿರ ಬಂದದ್ದು ಮೊದಲ ಸಲ. ಅವರ ಮೈಯಿಂದ ಅತ್ತರಿನ ವಾಸನೆ ಬಂತು. ನನ್ನಿಂದ ಕರುವಿನದು. ಅವರ ಮೂಗು ಒಮ್ಮೆ ಅದುರಿತು. ಮುಖದ ನಗು ಮಾತ್ರ ಕದಲಲಿಲ್ಲ.

ಎಲೆಯನ್ನು ತಮ್ಮ ಬಲಗೈಯಲ್ಲಿ ಹಿಡಿದು ನನ್ನ ಎದೆಯ ಮುಂದೆ ಚಾಚಿದರು. ಹೊಸ್ತಿಲ ಮೇಲೆ ಅಲ್ಲ. ಕೈಯಿಂದ ಕೈಗೆ.

“ಹಿಡೀರಿ ಮಾಸ್ತರ. ಐದು ವರ್ಷ ಅಂತ ನುಡಿ ಹೇಳ್ರಿ.”

ಅವರ ಬೆರಳು ನೋಡಿದೆ. ಬಿಳಿ ಬೆರಳು. ಉಂಗುರ ಎರಡು. ಉಗುರುಗಳೆಲ್ಲ ಇದ್ದವು. ಉಗುರಿನ ಸಂದಿಯಲ್ಲಿ ಅರಿಶಿನ. ನನ್ನ ಕೈ ನೋಡಿಕೊಂಡೆ. ಹಗ್ಗದ ಗೆರೆ ಅಂಗೈಗೆ ಅಡ್ಡವಾಗಿ ಹಸಿಯಾಗಿತ್ತು. ಎಡಗೈಯಿಂದ ಒಳಜೇಬು ತಡವಿದೆ. ಕಾಗದ ಅಲ್ಲೇ ಇತ್ತು.

“ಹಿಡೀರಿ,” ಅವರ ದನಿ ಇಳಿಯಿತು. ಕಮಿಟಿಗೆ ಬೆನ್ನು ಕೊಟ್ಟು ಪಿಸುಗುಟ್ಟಿದರು, “ಹಿಡಿಯೋ ಮಗನ. ಈಗ ನಾನ ಮುಟ್ಟು ಅಂತೇನಿ.”

ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ. ಕಡೆಯ ಸಾಲಿನ ತನಕ ಕೇಳುವಂತೆ, ಪದ್ಯ ಹೇಳುವ ದನಿಯಲ್ಲೇ ಹೇಳಿದೆ.

“ಇಲ್ರಿ ಗೌಡ್ರ. ನಾ ಮುಟ್ಟಂಗಿಲ್ಲ.”